ಮೆಲ್ಬರ್ನ್ ಸೇರಿದ ಗೆಳೆಯನಿಗೆ: ಫರ್ಫಿ ತಿನ್ನೋದಲ್ಲ ಮಾರಾಯ

ಗೆಳೆಯಾ,

ಆಫೀಸು ಬೇರೆ ಕಡೆ ಹೋಗುತ್ತಂತೆ ನಿಜಾನಾ ಅಂತ ಕೇಳಿದ್ದಕ್ಕೆ ನಿನ್ನ ಮ್ಯಾನೇಜರ್ 'ಅದೆಲ್ಲ ಫರ್ಫಿ' ಅಂದರಂತೆ. ಇದೇನು ಬರ್ಫಿಯ ತಮ್ಮನಾ ಅಂತ ನೀನು ಕೇಳಿದ್ದು ಓದಿ ತುಂಬಾ ನಕ್ಕೆ.

ಫರ್ಫಿ ಅಂದರೆ ಬುಡವಿಲ್ಲದ ಗಾಳಿಸುದ್ದಿ. ಅದು ಹುಟ್ಟಿದ್ದು ನೀನಿರುವ ಕಡೆಯೇ. ಮೆಲ್ಬರ್ನ್‌ನಿಂದ ಉತ್ತರಕ್ಕೆ ಹೋದರೆ ಶೆಪರ್ಟನ್ ಅಂತ ಊರು ಸಿಗುತ್ತೆ. ಅಲ್ಲಿ ಜಾನ್ ಫರ್ಫಿ ಅನ್ನುವ ಕಮ್ಮಾರ 1880ರ ದಶಕದಲ್ಲಿ ರೈತರಿಗೆ ನೀರಿನ ಗಾಡಿ ಮಾಡಿ ಮಾರುತ್ತಿದ್ದ. ಅಡ್ಡ ಮಲಗಿಸಿದ ಕಬ್ಬಿಣದ ಪೀಪಾಯಿ, ಎಳೆಯೋಕೆ ಕುದುರೆ, ಮೈಮೇಲೆ ದಪ್ಪಕ್ಷರದಲ್ಲಿ ಫರ್ಫಿ ಅಂತ ಹೆಸರು. ಪೀಪಾಯಿಯ ತುದಿಗೆ ಕೂರಿಸಿದ ಎರಕದ ಮುಚ್ಚಳದ ಮೇಲೆ ಒಂದು ಪ್ರಾಸದ ಸಾಲು ಬೇರೆ. ಒಳ್ಳೆಯದು ಇನ್ನೂ ಒಳ್ಳೆಯದಾಗಬೇಕು, ಅದು ಎಲ್ಲಕ್ಕಿಂತ ಒಳ್ಳೆಯದಾಗಬೇಕು, ಅಲ್ಲಿವರೆಗೂ ಬಿಡಬೇಡ ಅಂತ. ನಮ್ಮ ಲಾರಿಗಳ ಹಿಂದೆ ಬರೆಸುತ್ತಾರಲ್ಲ, ಹಾಗೆ.

ಮೊದಲ ಮಹಾಯುದ್ಧ ಶುರುವಾದಾಗ ಮೆಲ್ಬರ್ನ್ ಹತ್ತಿರದ ಬ್ರಾಡ್‌ಮೆಡೋಸ್‌ನ ಸೈನ್ಯದ ಶಿಬಿರಕ್ಕೆ ನೀರು ತರುತ್ತಿದ್ದದ್ದು ಇವೇ ಗಾಡಿಗಳು. ಗಾಡಿ ಬಂದು ನಿಂತರೆ ಸಿಪಾಯಿಗಳು ಸುತ್ತ ಸೇರುತ್ತಿದ್ದರು. ಹಡಗು ಯಾವತ್ತಂತೆ? ಯಾವ ದೇಶಕ್ಕಂತೆ? ಗಾಡಿ ಹೊಡೆಯುವವನು ಶಿಬಿರವೆಲ್ಲ ಸುತ್ತುವ ಆಸಾಮಿ. ಒಂದಕ್ಕೆ ಎರಡು ಸೇರಿಸಿ ಹೇಳುತ್ತಿದ್ದ. ಕೊನೆಗೆ ಅಂತೆಕಂತೆಗಳಿಗೆಲ್ಲ ಗಾಡಿಯ ಹೆಸರೇ ಅಂಟಿಕೊಂಡಿತು. ಪಾಪ ಕಮ್ಮಾರನದೇನೂ ತಪ್ಪಿಲ್ಲ.

ಕೆಲಸವಿಲ್ಲದೆ ಕಾಯುತ್ತಾ ಕೂತ ಸಿಪಾಯಿಗಳ ಬಾಯಲ್ಲಿ ಇಂಥ ಮಾತು ಬೇಕಾದಷ್ಟು ಹುಟ್ಟಿವೆ. ಬ್ರಿಟಿಷರು ತಲೆ ಕೆಟ್ಟವನಿಗೆ 'ಡೂಲಾಲಿ' ಅಂತಾರೆ, ಕೇಳಿರಬಹುದು. ಅದು ನಾಸಿಕದ ಪಕ್ಕದ ದೇವಳಾಲಿ! ಇಂಡಿಯಾದಲ್ಲಿ ನೌಕರಿ ಮುಗಿಸಿದ ಬ್ರಿಟಿಷ್ ಸಿಪಾಯಿಗಳು ಊರಿಗೆ ಹೋಗುವ ಹಡಗಿಗಾಗಿ ಅಲ್ಲಿನ ಶಿಬಿರದಲ್ಲಿ ಕಾಯಬೇಕಿತ್ತು. ಹಡಗು ಬಿಡುತ್ತಿದ್ದದ್ದು ಚಳಿಗಾಲದಲ್ಲಿ ಮಾತ್ರ. ಅದು ತಪ್ಪಿಹೋಯಿತೋ, ತಿಂಗಳುಗಟ್ಟಲೆ ಸೆಕೆ, ಸೊಳ್ಳೆ, ಕುಡಿತ. ಮೊದಲು 'ಡೂಲಾಲಿ ಟ್ಯಾಪ್' ಅನ್ನುತ್ತಿದ್ದರು. ಆ ಟ್ಯಾಪ್ ಅಂದರೆ ನೀರು ಬರುವ ನಲ್ಲಿಯಲ್ಲ, ನಮ್ಮ ತಾಪವೇ, ಅಂದರೆ ಜ್ವರ.

ಈಗ ಒಂದು ಎಚ್ಚರಿಕೆ. ಇಂಗ್ಲಿಷರನ್ನು ಆಸ್ಟ್ರೇಲಿಯಾದವರು 'ಪಾಮ್' ಅಂತ ಕಿಚಾಯಿಸುತ್ತಾರಲ್ಲ, ಅದು 'ಪ್ರಿಸನರ್ ಆಫ್ ಮದರ್ ಇಂಗ್ಲೆಂಡ್' ಅನ್ನುವುದರ ಮೊದಲಕ್ಷರಗಳು, ಕೈದಿಗಳ ಅಂಗಿ ಮೇಲೆ ಬರೆದಿರುತ್ತಿದ್ದರು ಅಂತ ಯಾರಾದರೂ ಹೇಳೇ ಹೇಳುತ್ತಾರೆ. ನಂಬಬೇಡ. ಬ್ರಿಟನ್ನಿನಿಂದ ಅಲ್ಲಿಗೆ ಕೈದಿಗಳನ್ನು ತರೋಕೆ ಶುರು ಮಾಡಿದ್ದು 1788ರಲ್ಲಿ, ನಿಲ್ಲಿಸಿದ್ದು 1868ರಲ್ಲಿ. ಈ ಪದ ಅಚ್ಚಿನಲ್ಲಿ ಕಾಣಿಸಿಕೊಳ್ಳೋದು 1912ರ ಹೊತ್ತಿಗೆ. ಅಷ್ಟು ವರ್ಷ ಎಲ್ಲಿ ಅಡಗಿತ್ತು? ಮೊದಲಕ್ಷರ ಜೋಡಿಸಿ ಕಟ್ಟಿದ ಇಂಥ ಕಥೆಗಳನ್ನು ನಾನಂತೂ ಕಣ್ಣು ಮುಚ್ಚಿ ಪಕ್ಕಕ್ಕಿಡುತ್ತೇನೆ. ಅವೇ ಅಸಲಿ ಫರ್ಫಿಗಳು.

ನಿಜವಾದ ಮೂಲ ದಾಳಿಂಬೆ ಹಣ್ಣು. ಲಂಡನ್ನಿನ ಈಸ್ಟ್ ಎಂಡ್ ಜನಕ್ಕೆ ಪ್ರಾಸದಲ್ಲಿ ಮಾತು ಬಚ್ಚಿಡುವ ಚಾಳಿ. ಈಚಿನ ಒಂದು ಉದಾಹರಣೆ ಹೇಳ್ತೀನಿ: ಊಟದ 'ಕರಿ'ಗೆ (curry) ಪ್ರಾಸ 'ರೂಬಿ ಮರ್ರಿ', 1950ರ ದಶಕದ ಗಾಯಕಿ. ಆಮೇಲೆ ಮರ್ರಿ ಬಿಟ್ಟರು. 'ರೂಬಿ ತಿನ್ನೋಣ ಬಾ' ಅಂದರೆ ಕರಿ ತಿನ್ನೋಣ ಅಂತ. ಆಸ್ಟ್ರೇಲಿಯಾದವರೂ ಅದಕ್ಕೆ ಎಷ್ಟೋ ಮೊದಲೇ ಇದೇ ವರಸೆ ತೆಗೆದಿದ್ದರು. ವಲಸಿಗನಿಗೆ 'ಇಮಿಗ್ರಂಟ್', ಅದಕ್ಕೆ ಪ್ರಾಸ 'ಪಾಮೆಗ್ರಾನೆಟ್'. ಹೊಸದಾಗಿ ಬಂದವರ ಕೆನ್ನೆ ಬಿಸಿಲಿಗೆ ದಾಳಿಂಬೆಯಂತೆ ಕೆಂಪಾಗುತ್ತಿದ್ದದ್ದೂ ಜೊತೆಗೂಡಿತು. ಉಳಿದದ್ದು ಪಾಮ್.

ಆರ್ವೋ ಅಂದರೆ ಮಧ್ಯಾಹ್ನ, ಸರ್ವೋ ಅಂದರೆ ಪೆಟ್ರೋಲ್ ಬಂಕ್. ಅವೆಲ್ಲ ನಿನಗೆ ತಾನಾಗೇ ಬರುತ್ತವೆ.

ಆದರೆ 'ಡ್ರಾಂಗೋ' ವಿಷಯದಲ್ಲಿ ನನಗೆ ಸ್ವಲ್ಪ ಬೇಜಾರಿದೆ. ಪೆದ್ದನಿಗೆ ಹಾಗಂತಾರೆ. 1920ರ ದಶಕದಲ್ಲಿ ಆ ಹೆಸರಿನ ಒಂದು ರೇಸ್ ಕುದುರೆ ಇತ್ತು. 37 ಓಟ ಓಡಿತು, ಒಂದನ್ನೂ ಗೆಲ್ಲಲಿಲ್ಲ. ದೊಡ್ಡ ರೇಸುಗಳಲ್ಲೇ ಎಷ್ಟೋ ಸಲ ಗೆಲುವಿನ ಹತ್ತಿರ ಬಂದಿತ್ತು, ಅದನ್ನ ಯಾರು ನೆನಪಿಡುತ್ತಾರೆ ಹೇಳು? 1940ರ ದಶಕದಲ್ಲಿ ಅಲ್ಲಿನ ವಾಯುಪಡೆಯವರು ಹೊಸದಾಗಿ ಸೇರಿದವರನ್ನು ಹಾಗೆ ಕರೆದರು. ಕುದುರೆಗೆ ಇಟ್ಟಿದ್ದು ಒಂದು ಹಕ್ಕಿಯ ಹೆಸರು. ಯಾವ ಹಕ್ಕಿ ಗೊತ್ತಾ? ನಮ್ಮ ಕಾಜಾಣದ ಜಾತಿಯದು! ಕರೆಂಟ್ ತಂತಿ ಮೇಲೆ ಕೂತು, ತನಗಿಂತ ಎಷ್ಟೋ ದೊಡ್ಡ ಹದ್ದನ್ನೂ ಅಟ್ಟಿಸಿಕೊಂಡು ಹೋಗುವ ಹಕ್ಕಿ. ಅದಕ್ಕೆ ಈ ಗತಿ.

ಅಂದ ಹಾಗೆ, ಯಾರಾದರೂ ಮನೆಗೆ ಕರೆದು 'ಬ್ರಿಂಗ್ ಎ ಪ್ಲೇಟ್' ಅಂದರೆ ಖಾಲಿ ತಟ್ಟೆ ಹಿಡಿದುಕೊಂಡು ಹೋಗಿಬಿಟ್ಟೀಯ. ಎಲ್ಲರೂ ಹಂಚಿಕೊಂಡು ತಿನ್ನೋಕೆ ಏನಾದರೂ ಮಾಡಿಕೊಂಡು ಬಾ ಅಂತ ಅದರರ್ಥ. ನಿನಗೆ ಚಿತ್ರಾನ್ನ ಚೆನ್ನಾಗಿ ಬರುತ್ತಲ್ಲ, ಅದನ್ನೇ ಒಯ್ಯಿ. ಹಸಿಮೆಣಸಿನಕಾಯಿ ಮಾತ್ರ ಕಮ್ಮಿ ಹಾಕು.

ಇಂತಿ ನಿನ್ನ ಗೆಳೆಯ