ಗೂಡ್ಸ್ ಗಾಡಿಯ ಮುಂದೆ ಹಳೆಯ ಡೀಸೆಲ್ ಇಂಜಿನ್: ನೋಡುವವರ ಗಮನಕ್ಕೆ

ಮಾನ್ಯ ಸಂಪಾದಕರೇ,

ಹೊಸ ಮಾದರಿಯ ವ್ಯಾಗನ್‌ಗಳ ಉದ್ದನೆಯ ಗೂಡ್ಸ್ ಗಾಡಿ, ಅದರ ಮುಂದೆ ಹೊಗೆ ಉಗುಳುವ ಹಳೆಯ ಡೀಸೆಲ್ ಇಂಜಿನ್. ಶಹಾಬಾದ್, ವಾಡಿ, ಸೇಡಂ, ಯಾದಗಿರಿ ಕಡೆಯ ಹುಡುಗರು ತೆಗೆದ ಇಂಥ ವಿಡಿಯೊಗಳು ಮೊಬೈಲ್‌ಗಳಲ್ಲಿ ಹರಿದಾಡುತ್ತಿರುತ್ತವೆ. ಜೊತೆಗಿರುವ ಒಕ್ಕಣೆ ಮಾತ್ರ ಬಹುತೇಕ ತಪ್ಪು: ‘ರೈಲ್ವೆಯವರು ಗುಜರಿ ಇಂಜಿನ್ ಓಡಿಸುತ್ತಿದ್ದಾರೆ’ ಎಂದೋ, ‘ಕರೆಂಟ್ ಇಂಜಿನ್ನಿಗೆ ಆಗದ್ದನ್ನು ಇದು ಎಳೆಯಿತು’ ಎಂದೋ ಬರೆದಿರುತ್ತಾರೆ. ಎರಡೂ ನಿಜವಲ್ಲ. ಈ ಇಂಜಿನ್‌ಗಳು ಇನ್ನು ಹೆಚ್ಚು ವರ್ಷ ಓಡುವುದಿಲ್ಲ. ಓಡುವಷ್ಟು ದಿನ ಅವುಗಳ ದಾಖಲೆ ಸರಿಯಾಗಿ ಉಳಿಯಲಿ, ಅದಕ್ಕಾಗಿ ಯಾರೂ ಜೀವ ಕಳೆದುಕೊಳ್ಳದಿರಲಿ ಎಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇವೆ.

ಮುಖ್ಯ ಹಳಿಗಳ ಮೇಲೆ ವಿದ್ಯುತ್ ತಂತಿ ಬಂದ ಮೇಲೂ ಡೀಸೆಲ್ ಏಕೆ ಬೇಕು ಎಂಬುದಕ್ಕೆ ನಮ್ಮ ಕಲಬುರಗಿ ಜಿಲ್ಲೆಯಲ್ಲೇ ಉತ್ತರವಿದೆ. ವಾಡಿ, ಮಳಖೇಡ, ಸೇಡಂ ಸುತ್ತ ಸಿಮೆಂಟ್ ಕಾರ್ಖಾನೆಗಳಿವೆ. ಅಲ್ಲಿಗೆ ಕಲ್ಲಿದ್ದಲು, ಜಿಪ್ಸಂ ಬರುತ್ತವೆ. ಸಿಮೆಂಟ್, ಅದನ್ನು ಅರೆಯುವ ಮೊದಲಿನ ಗಟ್ಟಿ ಉಂಡೆಗಳಾದ ಕ್ಲಿಂಕರ್ ಹೊರಗೆ ಹೋಗುತ್ತವೆ. ತೆರೆದ ವ್ಯಾಗನ್ನಿಗೆ ಮೇಲಿನಿಂದ ಮಾಲು ಸುರಿಯುವಲ್ಲಿ, ಜೆಸಿಬಿ ತೋಳು ಆಡುವಲ್ಲಿ ತಲೆಯ ಮೇಲೆ 25 ಸಾವಿರ ವೋಲ್ಟ್ ತಂತಿ ಇರುವಂತಿಲ್ಲ. ಹಾಗಾಗಿ ತುಂಬುವ, ಇಳಿಸುವ ಸಾಲುಗಳನ್ನು ತಂತಿಯಿಲ್ಲದೆ ಬಿಡುತ್ತಾರೆ. ಅಲ್ಲಿಂದ ರೇಕನ್ನು, ಅಂದರೆ ಜೋಡಿಸಿದ ವ್ಯಾಗನ್‌ಗಳ ಸಾಲನ್ನು, ಹೊರಗೆಳೆದು ತರುವುದು ಡೀಸೆಲ್ ಕೆಲಸ. ಕೆಲವೊಮ್ಮೆ ಅದೇ ಇಂಜಿನ್ ಮುಂದಿನ ದೊಡ್ಡ ನಿಲ್ದಾಣದವರೆಗೂ ಹೋಗುತ್ತದೆ. ತಂತಿ ರಿಪೇರಿಗೆ ಕರೆಂಟ್ ತೆಗೆದ ಹೊತ್ತು, ದಾರಿಯಲ್ಲಿ ವಿದ್ಯುತ್ ಇಂಜಿನ್ ಕೆಟ್ಟು ನಿಂತಾಗ, ಜಲ್ಲಿ ಮತ್ತು ಹಳಿ ಸಾಗಿಸುವ ಗಾಡಿಗಳಿಗೆ ಕೂಡ ಡೀಸೆಲ್ಲೇ ಗತಿ.

ಹಳೆಯದು ಎಂದರೆ ಎಷ್ಟು ಹಳೆಯದು? ಅಮೆರಿಕದ ಆಲ್ಕೊ ಕಂಪನಿಯ ವಿನ್ಯಾಸದ ಡಬ್ಲ್ಯುಡಿಎಂ-2 ನಮ್ಮ ದೇಶಕ್ಕೆ ಬಂದದ್ದು 1962ರಲ್ಲಿ; ವಾರಾಣಸಿಯ ಕಾರ್ಖಾನೆ ಅದನ್ನು 1964ರಿಂದ ತಯಾರಿಸಿತು. 16 ಸಿಲಿಂಡರ್, 2600 ಅಶ್ವಶಕ್ತಿ, 112.8 ಟನ್ ತೂಕ. ಅದನ್ನೇ ಬಲಪಡಿಸಿದ ಡಬ್ಲ್ಯುಡಿಎಂ-3ಎ ಮತ್ತು ಸರಕು ಸಾಗಣೆಗೆಂದೇ ಮಾಡಿದ ಡಬ್ಲ್ಯುಡಿಜಿ-3ಎ ಎರಡಕ್ಕೂ 3100 ಅಶ್ವಶಕ್ತಿ. ಅಕ್ಷರಗಳನ್ನು ಓದುವುದು ಸುಲಭ: ಮೊದಲಿನದು ಬ್ರಾಡ್‌ಗೇಜ್, ಎರಡನೆಯದು ಡೀಸೆಲ್, ಮೂರನೆಯದು ಕೆಲಸ. ಎಂ ಇದ್ದರೆ ಎರಡಕ್ಕೂ, ಜಿ ಇದ್ದರೆ ಗೂಡ್ಸಿಗೆ, ಪಿ ಇದ್ದರೆ ಪ್ಯಾಸೆಂಜರಿಗೆ. ‘3ಎ’ ಎಂದರೆ ಮೂರು ಸಾವಿರಕ್ಕೆ ನೂರು ಸೇರಿಸಿ. ಡಬ್ಲ್ಯುಡಿಎಂ-2ರ ‘2’ಕ್ಕೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ, ಅದು ಹಳೆಯ ಪದ್ಧತಿಯ ಕ್ರಮಸಂಖ್ಯೆ ಅಷ್ಟೆ.

ಎಲ್ಲ ಡೀಸೆಲ್ ಇಂಜಿನ್‌ಗಳನ್ನೂ ‘ಹಳೆಯದು’ ಎಂದು ಕರೆಯುವುದು ಇನ್ನೊಂದು ತಪ್ಪು. ಡಬ್ಲ್ಯುಡಿಜಿ-4 ಬಂದದ್ದು 1999ರಲ್ಲಿ. ಅದು ಬೇರೆಯೇ ಕುಲ: ಎರಡು ಹೊಡೆತದ ಇಂಜಿನ್, 4000 ಅಶ್ವಶಕ್ತಿ, ಎಸಿ ಮೋಟಾರ್. ನೋಡುವ ಮೊದಲೇ ಕಿವಿಗೆ ವ್ಯತ್ಯಾಸ ತಿಳಿಯುತ್ತದೆ. ಆಲ್ಕೊ ನಿಂತಲ್ಲಿ ನಿಮಿಷಕ್ಕೆ 400 ಸುತ್ತು ತಿರುಗುತ್ತ ಒಂದೊಂದೇ ಏಟು ಬಿಡಿಬಿಡಿಯಾಗಿ ಕೇಳುವಂತೆ ಗುಡುಗುಡಿಸುತ್ತದೆ. ಡ್ರೈವರನ ಹಿಡಿಕೆಯ ಮೆಟ್ಟಿಲುಗಳಾದ ನಾಚ್‌ಗಳಲ್ಲಿ ಎಂಟನೆಯದಕ್ಕೆ ಏರಿದರೆ ಸುಮಾರು 1000 ಸುತ್ತು. ಡಬ್ಲ್ಯುಡಿಜಿ-4ರ ಸದ್ದು ಒಂದೇ ಸಮನೆ ಹರಿಯುವ ಗುಂಯ್‌ಗುಟ್ಟುವಿಕೆ.

ಹೊಗೆಯ ವಿಷಯಕ್ಕೆ ಬರೋಣ. ಆಲ್ಕೊ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಸುತ್ತುವುದು ಹೊಗೆಯ ಒತ್ತಡದಿಂದ ಮಾತ್ರ. ಡ್ರೈವರ್ ನಾಚ್ ಏರಿಸಿದ ತಕ್ಷಣ ಡೀಸೆಲ್ ಹೆಚ್ಚು ಬೀಳುತ್ತದೆ, ಆದರೆ ಟರ್ಬೊ ವೇಗ ಹಿಡಿದು ಗಾಳಿ ಒದಗಿಸಲು ಕೆಲವು ಸೆಕೆಂಡು ತಗಲುತ್ತದೆ. ಆ ನಡುವಿನ ಅರೆಬೆಂದ ಎಣ್ಣೆಯೇ ಕಪ್ಪು ಹೊಗೆ. ಗಾಡಿ ಹೊರಡುವಾಗ ಒಮ್ಮೆ ಎದ್ದು ಆಮೇಲೆ ತಿಳಿಯಾದರೆ ಇಂಜಿನ್ ಆರೋಗ್ಯವಾಗಿದೆ ಎಂದೇ ಅರ್ಥ. ಸಮ ಹಳಿಯ ಮೇಲೆ ಒಂದೇ ವೇಗದಲ್ಲಿ ಓಡುವಾಗಲೂ ಕಪ್ಪು ನಿಲ್ಲದಿದ್ದರೆ ಇಂಜೆಕ್ಟರನ್ನೋ ಟರ್ಬೊವನ್ನೋ ಅನುಮಾನಿಸಬೇಕು. ನೀಲಿ ಹೊಗೆ ಲ್ಯೂಬ್ ಆಯಿಲ್ ಸುಡುವುದರ ಗುರುತು: ಪಿಸ್ಟನ್ ರಿಂಗ್ ಸವೆದಿರಬಹುದು, ಟರ್ಬೊ ಸೀಲ್ ಸೋರುತ್ತಿರಬಹುದು. ಬಿಳಿ ಹೊಗೆ ತಣ್ಣಗಿನ ಇಂಜಿನ್ನಿನಲ್ಲಿ ಸಹಜ. ಕಾದ ಮೇಲೂ ಬಂದರೆ ತಂಪು ನೀರು ಸಿಲಿಂಡರಿಗೆ ಇಳಿಯುತ್ತಿರುವ ಶಂಕೆ. ಡಬ್ಲ್ಯುಡಿಜಿ-4ರಲ್ಲಿ ಮೊದಲ ಹಂತದಲ್ಲಿ ಇಂಜಿನ್ನೇ ಗೇರಿನ ಮೂಲಕ ಟರ್ಬೊ ತಿರುಗಿಸುವುದರಿಂದ ಆ ಕಪ್ಪು ಮೋಡ ಅಷ್ಟು ಏಳುವುದಿಲ್ಲ.

‘ಒಂದೇ ಹಳೆಯ ಇಂಜಿನ್ 58 ವ್ಯಾಗನ್ ಎಳೆಯಿತು’ ಎಂದು ಬರೆಯುವ ಮುನ್ನ ಒಂದು ಲೆಕ್ಕ ಮಾಡಿ. ಬಾಕ್ಸ್‌ಎನ್‌ಎಚ್‌ಎಲ್ ಎಂಬ ತೆರೆದ ವ್ಯಾಗನ್ನಿನ ಖಾಲಿ ತೂಕ 20.6 ಟನ್, ತುಂಬಿದ್ದು 91.6 ಟನ್. 58 ವ್ಯಾಗನ್ ಖಾಲಿ ಇದ್ದರೆ ಸುಮಾರು 1195 ಟನ್, ತುಂಬಿದ್ದರೆ ಸುಮಾರು 5300 ಟನ್. 150 ಅಡಿಗೆ ಒಂದು ಅಡಿ ಏರುವ ಹಳಿಯಲ್ಲಿ ತುಂಬಿದ ರೇಕನ್ನು ಮೇಲೆಳೆಯಲು 5300 ಭಾಗಿಸು 150, ಅಂದರೆ 35 ಟನ್‌ಗೂ ಹೆಚ್ಚಿನ ಎಳೆತ ಬೇಕು. ಚಕ್ರ ಉರುಳಿಸಲು ಟನ್ನಿಗೆ ಒಂದೂವರೆ ಕೆ.ಜಿ.ಯಂತೆ ಮತ್ತೆ 8 ಟನ್ ಸೇರಿಸಿ, 43 ದಾಟಿತು. ಡಬ್ಲ್ಯುಡಿಜಿ-3ಎ ಹೊರಡುವಾಗ ಕೊಡಬಲ್ಲ ಗರಿಷ್ಠ ಎಳೆತ 37.9 ಟನ್. ಒಂದರಿಂದ ಆಗದು. ಸಮತಟ್ಟಿನಲ್ಲಾದರೆ ನಿಧಾನವಾಗಿ ಎಳೆದೀತು. ಆದರೂ ಏರಿನಲ್ಲಿ ಒತ್ತಾಯಿಸಿದರೆ ಮೊದಲು ಚಕ್ರ ಜಾರುತ್ತದೆ, ಡ್ರೈವರ್ ಹಳಿಗೆ ಮರಳು ಬಿಡುತ್ತಾರೆ. ಆಮೆವೇಗದಲ್ಲಿ ಬಹಳ ಹೊತ್ತು ಭಾರಿ ಕರೆಂಟ್ ಹರಿದರೆ ಆರೂ ಡಿಸಿ ಮೋಟಾರ್‌ಗಳು ಕಾದು ಸುಡುವ ಹಂತಕ್ಕೆ ಹೋಗುತ್ತವೆ. ಆದ್ದರಿಂದ ಆಲ್ಕೊ ಒಂದೇ ಮುಂದಿದ್ದರೆ ಹಿಂದಿನ ರೇಕು ಖಾಲಿಯೇ ಎಂದು ಮೊದಲು ನೋಡಿ. ವ್ಯಾಗನ್ನಿನ ಕೆಳಗೆ ಚಕ್ರ ಹಿಡಿದಿರುವ ಚೌಕಟ್ಟಿನ (ಬೋಗಿಯ) ಸ್ಪ್ರಿಂಗ್‌ಗಳು ಬಿಡಿಸಿಕೊಂಡು ಸುರುಳಿಗಳ ನಡುವೆ ಬೆಳಕು ಕಂಡರೆ ಖಾಲಿ. ಅದುಮಿಕೊಂಡು ಕೂತಿದ್ದರೆ ತುಂಬಿದ್ದು. ಮುಚ್ಚಿದ ವ್ಯಾಗನ್ನಿನ ಬಾಗಿಲಿಗೆ ತಂತಿ ಬಿಗಿದು ಸೀಲ್ ಹಾಕಿದ್ದರೆ ಒಳಗೆ ಮಾಲಿದೆ. ಎರಡು ಆಲ್ಕೊ ಜೊತೆಯಾಗಿದ್ದರೆ ಅವುಗಳ ನಡುವೆ ದಪ್ಪ ಜಂಪರ್ ಕೇಬಲ್ ಇದೆಯೇ ನೋಡಿ. ಇದ್ದರೆ ಮುಂದಿನ ಕ್ಯಾಬಿನಿಂದಲೇ ಎರಡನ್ನೂ ನಡೆಸುತ್ತಿದ್ದಾರೆ.

ಹಿಂದೆ ವಿದ್ಯುತ್ ಇಂಜಿನ್ ಕೂಡ ಇದ್ದರೆ ಮೇಲಿನ ತಂತಿಯಿಂದ ಕರೆಂಟ್ ಪಡೆಯುವ ಅದರ ಪ್ಯಾಂಟೊಗ್ರಾಫ್ ಗಮನಿಸಿ. ಕೆಳಗಿದ್ದರೆ ಅದು ಆ ಹೊತ್ತಿಗೆ ಎಳೆಯುತ್ತಿಲ್ಲ; ಡೀಸೆಲ್ ಅದನ್ನೂ ಸೇರಿಸಿ ಒಯ್ಯುತ್ತಿದೆ. ಮೇಲಿದ್ದರೆ ಎರಡೂ ದುಡಿಯುತ್ತಿರಬಹುದು. ಇವೆರಡನ್ನು ಒಂದೇ ಕೇಬಲ್ಲಿನಿಂದ ನಡೆಸಲಾಗದ ಕಾರಣ ಎರಡರಲ್ಲೂ ಸಿಬ್ಬಂದಿ ಇರುತ್ತಾರೆ. ವಿದ್ಯುತ್ ಇಂಜಿನ್ನಿನ ಹಿಂದೆ ಡೀಸೆಲ್ ಸುಮ್ಮನೆ ಬರುತ್ತಿದ್ದು, ಹೊಗೆ ಕೊಳವೆಯ ಮೇಲೆ ಬಿಸಿಗಾಳಿಯ ಅಲೆಯೂ ಕಾಣದಿದ್ದರೆ ಅದು ಆರಿಸಿದ ಇಂಜಿನ್. ಇಂಜಿನ್‌ಗಳನ್ನು ನೋಡಿಕೊಳ್ಳುವ ಶೆಡ್ಡಿಗೋ ಕಾರ್ಖಾನೆಗೋ ಸಾಗಿಸುತ್ತಿರುತ್ತಾರೆ.

ಹಳೆಯ ಇಂಜಿನ್ನಿಗೆ ಹೊಸ ವ್ಯಾಗನ್ ಹೇಗೆ ಹೊಂದುತ್ತದೆ ಎಂದು ಬಹಳ ಜನ ಕೇಳುತ್ತಾರೆ. ಉತ್ತರ ಬ್ರೇಕಿನಲ್ಲಿದೆ. ಮೊದಲ ಡಬ್ಲ್ಯುಡಿಎಂ-2ಗಳು ವ್ಯಾಕ್ಯೂಮ್ ಬ್ರೇಕ್ ಗಾಡಿಗಳಿಗಾಗಿ ಬಂದವು. ಆಮೇಲೆ ಗಾಳಿ ಬ್ರೇಕನ್ನೂ ಅಳವಡಿಸಿದವಕ್ಕೆ 2ಎ, ಗಾಳಿ ಬ್ರೇಕ್ ಮಾತ್ರ ಇರುವವಕ್ಕೆ 2ಬಿ ಎಂದು ಬರೆದರು. ಇಂದಿನ ಎಲ್ಲ ವ್ಯಾಗನ್‌ಗಳದ್ದು ಗಾಳಿ ಬ್ರೇಕ್. ಪೈಪಿನಲ್ಲಿ ಚದರ ಸೆಂಟಿಮೀಟರಿಗೆ 5 ಕೆ.ಜಿ. ಒತ್ತಡ ನಿಲ್ಲಬೇಕು. ಇಂಜಿನ್ ಕೂಡಿಸಿದ ಮೇಲೂ ಗಾಡಿ ಬೇಗ ಹೊರಡುವುದಿಲ್ಲ ಎಂದು ಗೇಟಿನಲ್ಲಿ ನಿಂತವರು ಬೇಸರಪಡುತ್ತಾರಲ್ಲ, ಆ ಹೊತ್ತಿನಲ್ಲಿ ಇಡೀ ರೇಕಿನ ಪೈಪಿಗೆ ಗಾಳಿ ತುಂಬಿ, ಕೊನೆಯ ವ್ಯಾಗನ್ನಿನಲ್ಲೂ ಒತ್ತಡ ಬಂದಿದೆಯೇ ಎಂದು ಪರೀಕ್ಷೆ ನಡೆದಿರುತ್ತದೆ. ಒಂದು ರಬ್ಬರ್ ಹೋಸ್ ಸೀಳಿದ್ದರೂ ಸುಂಯ್ ಎಂಬ ಸದ್ದು ಕೇಳುತ್ತದೆ, ಒತ್ತಡ ಏರುವುದಿಲ್ಲ, ಗಾಡಿ ಕದಲುವುದಿಲ್ಲ.

ಬರೆದಿಡುವವರು ಇಂಜಿನ್ನಿನ ಐದಂಕಿಯ ಸಂಖ್ಯೆಯನ್ನು ಪೂರ್ತಿ ಬರೆಯಿರಿ. 11ರಿಂದ ಶುರುವಾದರೆ ಡಬ್ಲ್ಯುಡಿಎಂ-3ಡಿ, 12ರಿಂದ ಡಬ್ಲ್ಯುಡಿಜಿ-4, 13ರಿಂದ ಡಬ್ಲ್ಯುಡಿಜಿ-3ಎ. 14ರಲ್ಲಿ ಡಬ್ಲ್ಯುಡಿಎಂ-3ಎ, ಡಬ್ಲ್ಯುಡಿಜಿ-3ಎ ಎರಡೂ ಇರುವುದರಿಂದ ಅಕ್ಷರಗಳನ್ನೂ ಓದಲೇಬೇಕು. ಸಿಮೆಂಟ್ ದೂಳು ಅಂಟಿ ಮುಂದಿನ ಸಂಖ್ಯೆ ಕಾಣದಿದ್ದರೆ ಕ್ಯಾಬಿನ ಪಕ್ಕದಲ್ಲಿ ಬರೆದದ್ದನ್ನು ನೋಡಿ. ಶೆಡ್ಡಿನ ಹೆಸರೂ ಮೈಮೇಲೆಯೇ ಇರುತ್ತದೆ, ಕಾಜೀಪೇಟೆ, ಗುತ್ತಿ, ಗುಂತಕಲ್, ಹುಬ್ಬಳ್ಳಿ ಹೀಗೆ. ಕ್ಯಾಬಿನ ಮುಂದಿದ್ದದ್ದು ಇಂಜಿನ್ನಿನ ಗಿಡ್ಡ ತುದಿಯೋ (ಗಿಡ್ಡ ಮೂಗು) ಉದ್ದ ತುದಿಯೋ (ಉದ್ದ ಮೂಗು), ರೇಕಿನ ಕೊನೆಗೆ ಗಾರ್ಡ್ ಡಬ್ಬಿ ಇತ್ತೋ ಇಲ್ಲವೋ ಎಂಬುದನ್ನೂ ಸೇರಿಸಿ. ಜಾಗಕ್ಕೆ ‘ವಾಡಿ ಹತ್ತಿರ’ ಎಂದರೆ ಸಾಲದು. ವಿದ್ಯುತ್ ಕಂಬದ ಫಲಕದಲ್ಲಿ ಮೇಲೆ ಕಿಲೋಮೀಟರ್, ಕೆಳಗೆ ಕಂಬದ ಸಂಖ್ಯೆ ಇರುತ್ತದೆ. ದೂರದಿಂದಲೇ ಮೊಬೈಲಿನಲ್ಲಿ ಹಿಗ್ಗಿಸಿ ಓದಬಹುದು.

ನಿಲ್ಲುವ ಜಾಗದ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇವೆ: ಪ್ಲಾಟ್‌ಫಾರ್ಮ್, ರಸ್ತೆ ಮೇಲ್ಸೇತುವೆಯ ಪಾದಚಾರಿ ಪಟ್ಟಿ, ಮುಚ್ಚಿದ ಗೇಟಿನ ಹೊರಗಡೆ. ಇಷ್ಟೇ. ಹಳಿಯ ಜಲ್ಲಿಯ ಮೇಲೆ ಕಾಲಿಟ್ಟರೆ 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು, 1000 ರೂಪಾಯಿವರೆಗೆ ದಂಡವಾಗಬಹುದು. ವೇಗದಲ್ಲಿರುವ ತುಂಬಿದ ಗೂಡ್ಸ್ ಗಾಡಿ ನಿಲ್ಲಲು ಸುಮಾರು ಒಂದು ಕಿಲೋಮೀಟರ್ ಬೇಕು; ನಿಮ್ಮನ್ನು ನೋಡಿದರೂ ಡ್ರೈವರಿಗೆ ಏನೂ ಮಾಡಲಾಗದು. ನಿಂತ ವ್ಯಾಗನ್ನಿನ ಮೇಲೆ ಹತ್ತುವುದು ಇನ್ನೂ ಘೋರ. 25 ಸಾವಿರ ವೋಲ್ಟ್ ತಂತಿಯನ್ನು ಮುಟ್ಟಬೇಕಿಲ್ಲ, ಹತ್ತಿರ ಹೋದರೇ ಸಾಕು, ಗಾಳಿಯಲ್ಲಿ ಜಿಗಿದು ಬಂದು ಸುಡುತ್ತದೆ. ಸೆಲ್ಫಿ ಕೋಲು ಅಂಥ ಸಾವನ್ನು ಕೈಯಾರೆ ಕರೆದಂತೆ. ಹೆತ್ತವರು ಇದನ್ನು ಮಕ್ಕಳಿಗೆ ಓದಿ ಹೇಳಬೇಕು.

ಕೊನೆಯದಾಗಿ ಸೊಲ್ಲಾಪುರ ಮತ್ತು ಗುಂತಕಲ್ ವಿಭಾಗಗಳ ಅಧಿಕಾರಿಗಳಲ್ಲಿ ಒಂದು ಕೋರಿಕೆ. ಡೀಸೆಲ್ ಇಂಜಿನ್ನಿನ ಆಯಸ್ಸು ರೈಲ್ವೆ ಲೆಕ್ಕದಲ್ಲಿ ಸಾಮಾನ್ಯವಾಗಿ 36 ವರ್ಷ; ವಿದ್ಯುದೀಕರಣದಿಂದಾಗಿ ಅದಕ್ಕೂ ಮೊದಲೇ ಅನೇಕವು ಗುಜರಿಗೆ ಹೋಗುತ್ತಿವೆ. ಹರಾಜಿಗೆ ಹಾಕುವ ಮುನ್ನ ಒಂದು ಆಲ್ಕೊ ಇಂಜಿನ್ನನ್ನು ವಾಡಿ ಅಥವಾ ಕಲಬುರಗಿ ನಿಲ್ದಾಣದ ಮುಂದೆ ನಿಲ್ಲಿಸಿ. ಬೇಕಾಗುವುದು 20 ಮೀಟರ್ ಉದ್ದದ ಗಟ್ಟಿ ತಳಪಾಯದ ಹಳಿ. ತರುವ ಮೊದಲು ಡೀಸೆಲ್, ಲ್ಯೂಬ್ ಆಯಿಲ್, ತಂಪು ನೀರು ಪೂರ್ತಿ ಬಸಿಯಬೇಕು, ಬ್ಯಾಟರಿಗಳನ್ನು ತೆಗೆಯಬೇಕು, ಹೊಗೆ ಕೊಳವೆಗೆ ಮುಚ್ಚಳ ಬೆಸೆಯಬೇಕು. ಮುಚ್ಚಳವಿಲ್ಲದಿದ್ದರೆ ಒಂದು ಮಳೆಗಾಲದಲ್ಲೇ ಸಿಲಿಂಡರುಗಳಿಗೆ ನೀರಿಳಿದು ತುಕ್ಕು ಹಿಡಿಯುತ್ತದೆ. ಮೇಲೊಂದು ತಗಡಿನ ಮಾಡು, ಪಕ್ಕದಲ್ಲಿ ಕನ್ನಡದ ಫಲಕ: ವರ್ಗ, ಸಂಖ್ಯೆ, ತಯಾರಾದ ವರ್ಷ, ಯಾವ ಶೆಡ್ಡಿನದು, ಯಾವ ಹಳಿಯಲ್ಲಿ ಏನು ಎಳೆಯಿತು. ಬಣ್ಣ ಬಳಿಯುವಾಗ ದಯವಿಟ್ಟು ಅದರ ಮೂಲ ಸಂಖ್ಯೆಯನ್ನು ಅಳಿಸಬೇಡಿ.

ಇಂತಿ,
ರೈಲು ಹವ್ಯಾಸಿಗಳು, ಕಲಬುರಗಿ