ಶನಿವಾರದ ಭಜನೆ: ಮತ್ತೆ ಹಾಡಲು ಬರುವವರಿಗೆ

ಎಲ್ಲರಿಗೂ ನಮಸ್ಕಾರ. ಈ ಶನಿವಾರ ಸಂಜೆ 5ಕ್ಕೆ ತೀರ್ಥಹಳ್ಳಿಯಲ್ಲಿ, ಮಾಮೂಲಿ ಜಾಗದಲ್ಲೇ ಅಭ್ಯಾಸ. ಹಾಡು ಬಿಟ್ಟು ವರ್ಷಗಳಾದವರು ಗಮನಿಸಿ.

ಹಳೆಯ ಶ್ರುತಿಗೇ ಅಂಟಿಕೊಳ್ಳಬೇಡಿ. ಮುಟ್ಟು ನಿಂತ ಮೇಲೆ ಹೆಂಗಸರ ಧ್ವನಿ ಸಾಮಾನ್ಯವಾಗಿ ಇಳಿಯುತ್ತದೆ. ಐದು ಮನೆ ಶ್ರುತಿಯಲ್ಲಿ (ಹಾರ್ಮೋನಿಯಂನ ಐದನೇ ಬಿಳಿ ಮನೆ) ಹಾಡುತ್ತಿದ್ದವರು ನಾಲ್ಕೂವರೆ, ಇಲ್ಲವೇ ನಾಲ್ಕಕ್ಕೆ ಬನ್ನಿ. ತಾರ ಷಡ್ಜಕ್ಕೆ (ಮೇಲಿನ ಸ) ಕತ್ತಿನ ನರ ಉಬ್ಬಿದರೆ ಶ್ರುತಿ ಹೆಚ್ಚಾಗಿದೆ, ಅದನ್ನು ಭಕ್ತಿ ಎಂದುಕೊಳ್ಳಬೇಡಿ!

ದಿನಾ 15 ನಿಮಿಷ ಸಾಕು, ತಪ್ಪಿಸಬೇಡಿ. ಮೊದಲು ಬಾಯಿ ಮುಚ್ಚಿ ಗುನುಗಿ, ಮಂದ್ರ ಪಂಚಮದವರೆಗೆ (ಕೆಳಗಿನ ಪ) ‘ಆ’ ಎಂದು ಅಕಾರ, ಆಮೇಲೆ ಮಾಯಾಮಾಳವಗೌಳ ರಾಗದ ಸರಳೆ ವರಸೆ (ಮೊದಲ ಸ್ವರ ಪಾಠಗಳು), ಒಂದನೇ ಕಾಲದಲ್ಲಿ, ಅಂದರೆ ನಿಧಾನ ಗತಿಯಲ್ಲಿ ಮಾತ್ರ. ಉಸಿರು ಸಾಲದಿದ್ದರೆ ಪದ ಒಡೆಯದ ಕಡೆ ತೆಗೆದುಕೊಳ್ಳಿ.

ಮಳೆ ಥಂಡಿಗೆ ಗಂಟಲು ಕಟ್ಟಿದವರು ತಾಳ ಹಾಕಿದರೆ ಸಾಕು. ಪಿಸುಮಾತೂ ಬೇಡ, ಅದೂ ಗಂಟಲಿಗೆ ಶ್ರಮವೇ.

ಬರುವವರು ಶುಕ್ರವಾರ ರಾತ್ರಿಯೊಳಗೆ ಹೆಸರಿನ ಜೊತೆ ಶ್ರುತಿಯನ್ನೂ ಬರೆಯಿರಿ, ಹಾರ್ಮೋನಿಯಂನವರಿಗೆ ತಿಳಿಸಬೇಕು.