ಮಗಳಿಗೊಂದು ಪತ್ರ: ಆ ರಾತ್ರಿಯ 6 ಎಂಎಲ್

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಕೇಳಿದ್ದು ತಲೆಯಲ್ಲೇ ಸುತ್ತುತ್ತಿದೆ. ‘ತಲೆಯ 12 ಜೊತೆ ನರ, ಮಣಿಕಟ್ಟಿನ 8 ಮೂಳೆ, ಡೋಸು, ಎಲ್ಲ ಫೋನಿನಲ್ಲೇ ಸಿಗುತ್ತೆ. ಯಾಕಮ್ಮ ಬಾಯಿಪಾಠ ಮಾಡಬೇಕು?’ ಅಂದೆ. ನನಗೆ ಡ್ಯೂಟಿಗೆ ಹೊತ್ತಾಗಿತ್ತು, ಸರಿಯಾಗಿ ಉತ್ತರ ಕೊಡಲಿಲ್ಲ.

ನೀನು ಹೈಸ್ಕೂಲಿನಲ್ಲಿದ್ದಾಗಿನ ಸಂಗತಿ. ನನಗೆ ನೈಟ್ ಡ್ಯೂಟಿ. ಎರಡು ಗಂಟೆ ಹೊತ್ತಿಗೆ ವರ್ಷದ ಮಗುವೊಂದಕ್ಕೆ ಜ್ವರ ಏರಿತು. ತೂಕ 10 ಕೆಜಿ. ಡಾಕ್ಟರು ಪ್ಯಾರಸಿಟಮಾಲ್ ಬರೆದಿದ್ದರು. ಹೊಸದಾಗಿ ಸೇರಿದ್ದ ಸಿಸ್ಟರ್ ಒಬ್ಬಳು, ಜಾಣೆ, ಕೆಲಸದಲ್ಲಿ ಶ್ರದ್ಧೆ ಇದ್ದವಳು, ಫೋನು ತೆಗೆದು ನೋಡಿದಳು. ಕೆಜಿಗೆ 15 ಮಿಲಿಗ್ರಾಂ, ಒಟ್ಟು 150. ಸಿರಪ್ ಆದರೆ 6 ಎಂಎಲ್. ಲೆಕ್ಕದಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ. ಸಿರಿಂಜಿನಲ್ಲಿ ಅಳೆದು ಟ್ರೇಯಲ್ಲಿಟ್ಟುಕೊಂಡು ಹೊರಟಿದ್ದಳು. ಎದುರಿಗೆ ಬಂದ ನನಗೆ ಟ್ರೇಯಲ್ಲಿದ್ದ ಬಾಟಲಿ ಕಣ್ಣಿಗೆ ಬಿತ್ತು. ಮುಷ್ಟಿಯಲ್ಲಿ ಅಡಗುವಂಥ ಪುಟ್ಟ ಬಾಟಲಿ, ಪಕ್ಕದಲ್ಲಿ ಡ್ರಾಪರ್. ಅವಳು ಸಿರಪ್ ಅಂದುಕೊಂಡು ತೆಗೆದದ್ದು ಡ್ರಾಪ್ಸ್. ಸಿರಪ್ಪಿನಲ್ಲಿ 5 ಎಂಎಲ್‌ಗೆ 125 ಮಿಲಿಗ್ರಾಂ ಇದ್ದರೆ ಡ್ರಾಪ್ಸ್‌ನಲ್ಲಿ ಒಂದೇ ಎಂಎಲ್‌ಗೆ 100. ಸಿರಿಂಜಿನಲ್ಲಿದ್ದದ್ದು 600 ಮಿಲಿಗ್ರಾಂ, ಮಗುವಿಗೆ ಬೇಕಾದದ್ದರ ನಾಲ್ಕರಷ್ಟು. ‘ತಡಿ’ ಅಂತ ಅವಳ ಕೈ ಹಿಡಿದೆ. ಒಂದೂವರೆ ಎಂಎಲ್ ಕೊಟ್ಟೆವು. ಬೆಳಗಿನ ಜಾವ ಮಗು ಬೆವೆತು, ಅಮ್ಮನ ಮಡಿಲಲ್ಲಿ ನಿದ್ದೆ ಹೋಯಿತು.

ಫೋನು ಸುಳ್ಳು ಹೇಳಿರಲಿಲ್ಲ ಪುಟ್ಟಿ, ಕೇಳಿದ್ದಕ್ಕೆ ಸರಿಯಾಗಿಯೇ ಹೇಳಿತ್ತು. ಇನ್ನೊಂದು ಮಾತು ಕೇಳಬೇಕು ಅಂತ ಅವಳಿಗೆ ಹೊಳೆಯಲಿಲ್ಲ, ಅಷ್ಟೇ. ಹೊಳೆಯಬೇಕಾದರೆ ಸಿರಪ್ಪಿನದು, ಡ್ರಾಪ್ಸಿನದು, ಆ ಎರಡು ಅಂಕಿಗಳು ತಲೆಯಲ್ಲಿ ಮೊದಲೇ ಕೂತಿರಬೇಕಿತ್ತು. ಸಂಶಯ ಬಂದರೆ ತಾನೆ ಯಾರಾದರೂ ಹುಡುಕುವುದು?

ನಿನ್ನ ತಾತ ಸಂಜೆ ದೀಪ ಹಚ್ಚಿದ ಮೇಲೆ ನಮ್ಮನ್ನು ಜಗಲಿಯ ಮೇಲೆ ಸಾಲಾಗಿ ಕೂರಿಸಿ ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದರು. ಇಪ್ಪತ್ತರವರೆಗೆ ಮುಗಿಸಿ ಕಾಲು, ಅರೆ, ಮುಕ್ಕಾಲು. ಆಮೇಲೆ ಅಶ್ವಿನಿ, ಭರಣಿಯಿಂದ 27 ನಕ್ಷತ್ರ. ಅವರು ಯಾವ ಮಳೆ ನಡೆಯುತ್ತಿದೆ ಅಂತ ಪಂಚಾಂಗ ತೆಗೆದದ್ದು ನಾನು ಕಾಣೆ. ಒಂದೊಂದು ಮಳೆಗೆ ಹದಿಮೂರು, ಹದಿನಾಲ್ಕು ದಿನ ಅಂತ ಬೆರಳಲ್ಲೇ ಎಣಿಸುತ್ತಿದ್ದರು. ಮೃಗಶಿರಾ ಕಳೆದು ಆರಿದ್ರಾ ಹುಟ್ಟಿದರೂ ಹನಿ ಬೀಳದಿದ್ದರೆ ಊರಿಗೆಲ್ಲ ಮೊದಲು ಚಡಪಡಿಸುತ್ತಿದ್ದವರು ಅವರೇ. ಡೋಸಿನ ಲೆಕ್ಕ ಹಾಕುವಾಗ ಇವತ್ತಿಗೂ ನನ್ನ ಕಿವಿಯಲ್ಲಿ ಆ ಜಗಲಿಯ ರಾಗವೇ ಕೇಳುತ್ತದೆ.

ಅರ್ಥವಾಗದೆ ಉರು ಹೊಡೆಯಬೇಡ, ಅದು ಪರೀಕ್ಷೆ ಮುಗಿದ ಮಾರನೇ ದಿನ ಉಳಿಯುವುದಿಲ್ಲ. ಬಾಯಿಗೆ ಬಂದರೂ ಲೇಬಲ್ಲನ್ನು ಮೂರು ಸಲ ಓದು: ಔಷಧಿ ತೆಗೆಯುವಾಗ, ಅಳೆಯುವಾಗ, ಕೊಡುವ ಮುಂಚೆ. ಫೋನು ನೋಡಲು ಬಿಡುವೇ ಇಲ್ಲದ ಗಳಿಗೆಯೂ ಬರುತ್ತದೆ. ಇಂಜೆಕ್ಷನ್ ಕೊಟ್ಟ ಎರಡೇ ನಿಮಿಷಕ್ಕೆ ಔಷಧಿಯ ಅಲರ್ಜಿಯಿಂದ ಮೈಯೆಲ್ಲ ದದ್ದು ಎದ್ದು, ಉಸಿರು ಕಟ್ಟಿ, ಬಿಪಿ ಇಳಿಯುತ್ತಿರುತ್ತದೆ. ಒಂದು ಎಂಎಲ್‌ಗೆ 1 ಮಿಲಿಗ್ರಾಂ ಇರುವ ಅಡ್ರಿನಲಿನ್, ದೊಡ್ಡವರಿಗೆ ಅರ್ಧ ಎಂಎಲ್, ತೊಡೆಯ ಹೊರಮಗ್ಗುಲಿಗೆ. ಅದು ನಿನ್ನ ಕೈಗೇ ಗೊತ್ತಿರಬೇಕು.

ಸಂಕ್ರಾಂತಿಗೆ ಬರುತ್ತೀಯಲ್ಲ, ಅವರೆಕಾಯಿ ಸುಲಿಯುತ್ತ ಕೂರೋಣ. ನೀನು 12 ನರಗಳನ್ನು ಒಪ್ಪಿಸು, ನಾನು ಪುಸ್ತಕ ಹಿಡಿದುಕೊಳ್ಳುತ್ತೇನೆ. ಏಳನೆಯದಕ್ಕೆ, ಅಂದರೆ ಮುಖದ ನರಕ್ಕೆ, ಬಂದಾಗ ಸ್ವಲ್ಪ ನಿಲ್ಲು. ಅಜ್ಜಿಯ ಬಾಯಿ ಒಂದು ಕಡೆಗೆ ಎಳೆದುಕೊಂಡ ದಿನ, ಎಲ್ಲರೂ ಗಾಬರಿಯಲ್ಲಿದ್ದಾಗ, ‘ಅಮ್ಮಾ, ಹಣೆ ಸುಕ್ಕು ಮಾಡು’ ಅಂತ ನಾನು ಮೊದಲು ಯಾಕೆ ಹೇಳಿದೆ ಅನ್ನುವುದನ್ನು ಆಗ ಹೇಳುತ್ತೇನೆ.

ಇಂತಿ,
ನಿನ್ನ ಅಮ್ಮ